ಟೀವಿಯೊಳಗಿನ ಆನೆ

ಕಾಡಂಚಿನ ಹೂಗ್ಯಂ ಕಡೆಯ ಶಾಲೆಯೊಂದಕ್ಕೆ ನಾನು ಪಾಠ ಮಾಡಲು ಹೊಸದಾಗಿ ಸೇರಿದಾಗ, ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಟೀಚರ್. ತರಗತಿಗೆ ದೊಡ್ಡ ಟೀವಿ ಬಂದಿತ್ತು. ಅದನ್ನು ಮುಟ್ಟುವ ಮುಂಚೆ ಅವರು ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ನೆಟ್‌ವರ್ಕ್ ಸಿಗದೆ ಪರದೆಯ ಮೇಲೆ ಚಕ್ರ ಸುತ್ತತೊಡಗಿದರೆ ಮಕ್ಕಳು ಕೂಗಾಡುವರು. "ತಡೀರ್ಲಾ, ಅದೂ ವಸಿ ಉಸ್ರಾಡ್ಲಿ," ಎನ್ನುತ್ತಿದ್ದರು ಟೀಚರ್. ಅಷ್ಟು ಹೊತ್ತಿಗೆ ಒಂದು ಮಗ್ಗಿ ಹೇಳಿಸಿ ಮುಗಿಸುತ್ತಿದ್ದರು.

ಒಂದು ದಿನ ಅವರ ಟೀವಿ ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಅವತ್ತು ಚಕ್ರ ಸುತ್ತಲಿಲ್ಲ. ಟೀಚರ್ ಆನ್‌ಲೈನಿನಲ್ಲಿ ಹುಡುಕಿಟ್ಟಿದ್ದ ವಿಡಿಯೊ, "ಇದು ನಮ್ಮ ಕಾಡಿನ ಆನೆ," ಎಂದಿತು. ಎರಡನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸುಳ್ಳು ಮಿಸ್! ನಮ್ಮಾನೆ ಕಿವಿ ಇಷ್ಟಗಲ ಇಲ್ಲ."

ಸಾಹೇಬರ ಪಕ್ಕ ನಿಂತಿದ್ದ ನಾನು ಪರದೆಯನ್ನು ಮತ್ತೆ ನೋಡಿದೆ. ಅದು ಆಫ್ರಿಕಾದ ಆನೆ. ಟೀಚರ್ ಮಾತ್ರ ಸಾಹೇಬರ ಮುಖ ನೋಡಲಿಲ್ಲ. ಟೀವಿ ಆರಿಸಿ, ಫೋನು ಹಿಡಿದು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು.

"ನನ್ಗೂ ಗೊತ್ತಿರ್ನಿಲ್ಲ ಕೂಸು. ಬಾ, ನೀನೇ ಪಾಠ ಮಾಡು."

ತಮ್ಮ ಹೊಲಕ್ಕೆ ನುಗ್ಗಿದ್ದ ಆನೆ ರಾಗಿ ಪೈರನ್ನು ಕಿತ್ತು, ಕಾಲಿಗೆ ಬಡಿದು ಮಣ್ಣು ಕೊಡವಿ ತಿಂದದ್ದನ್ನು ಅವಳು ಕೈಯನ್ನೇ ಸೊಂಡಿಲು ಮಾಡಿಕೊಂಡು ತೋರಿಸಿದಳು. ಸಾಹೇಬರು ಬರೆಯುವುದನ್ನು ಬಿಟ್ಟು ನೋಡಿದರು.

ಮರುದಿನ ಟೀಚರ್ ತಾವು ಫೋನಿನಲ್ಲಿ ಹಿಡಿದಿದ್ದ ಆ ಪಾಠವನ್ನೇ ಟೀವಿಗೆ ಹಾಕಿದರು. ಪರದೆಯ ತುಂಬ ತನ್ನನ್ನು ಕಂಡ ಹುಡುಗಿ ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳ ಸಂದಿಯಿಂದ ಇಣುಕಿದಳು.

"ಮಿಸ್, ಬಾಲದ್ ಇಸ್ಯ ಮರ್ತ್ಬುಟ್ಟಿವ್ನಿ. ಇನ್ನೊಂದ್ಸಲ ವಿಡಿಯೊ ತಗೀರಿ."