ಷಡ್ಡಕನ ಅರ್ಧ ಮಾತ್ರೆ

ವರ್ಕ್‌ಶಾಪಿನ ಟರ್ನರನಿಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಇವತ್ತು ನಿನ್ನೆಯಲ್ಲ. ಹೆಂಡತಿಯ ತಂಗಿಯ ಮದುವೆಯಲ್ಲಿ, ಫೋಟೋ ಸ್ಟುಡಿಯೋ ಇಟ್ಟಿದ್ದ ಆ ಹೊಸ ಅಳಿಯ ಏನೋ ಹೇಳಿ ಅತ್ತೆಯನ್ನು ನಗಿಸಿದ ಗಳಿಗೆಯಿಂದಲೇ ಶುರು. ಅದೇ ಅತ್ತೆ ಟರ್ನರನ ಮುಂದೆ ಏಳು ವರ್ಷದಲ್ಲಿ ಒಂದು ಸಲವೂ ಹಲ್ಲು ಬಿಟ್ಟಿರಲಿಲ್ಲ. ಇವನೂ ನಗಿಸುವ ಗೋಜಿಗೆ ಹೋಗಿರಲಿಲ್ಲ ಅನ್ನಿ. ಲೇತ್ ಮಷೀನಿನ ಮುಂದೆ ಮೂವತ್ತು ವರ್ಷ ನಿಂತವನ ಮಾತನ್ನು ಕಬ್ಬಿಣ ಕೇಳುತ್ತದೆ, ಮನುಷ್ಯರು ಕೇಳುವುದಿಲ್ಲ.

ಆಮೇಲೆ ಎಲ್ಲದರಲ್ಲೂ ಸ್ಟುಡಿಯೋದವನೇ ಮುಂದು. ಮೊದಲು ಸ್ಕೂಟರ್ ಕೊಂಡವನು ಅವನು, ಮೊದಲು ಮನೆಗೆ ಟೈಲ್ಸ್ ಹಾಕಿಸಿದವನು ಅವನು, ಐವತ್ತಾದರೂ ತಲೆತುಂಬ ಕೂದಲು ಉಳಿಸಿಕೊಂಡವನೂ ಅವನೇ. ಟರ್ನರ್ ಹಲ್ಲು ಕಚ್ಚಿ ಸಹಿಸಿದ. ಆದರೆ ಕಾಯಿಲೆಯಲ್ಲೂ ಆ ಮನುಷ್ಯ ಓವರ್‌ಟೇಕ್ ಮಾಡುತ್ತಾನೆ ಎಂದು ಯಾರು ಕಂಡಿದ್ದರು?

ಹಿಂದಿನ ವರ್ಷ ಟರ್ನರನಿಗೆ ಏನೋ ಆಗಿಹೋಗಿತ್ತು. ಮಷೀನಿನ ಮುಂದೆ ನಿಂತರೆ ಸ್ವಿಚ್ ಒತ್ತಲು ಕೈ ಏಳುತ್ತಿರಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಸುಮ್ಮನೆ ನಿಂತಿರುತ್ತಿದ್ದ. ಊಟ ಬೇಡ, ಮಾತು ಬೇಡ. ಕೊನೆಗೆ ಬೈಯುವುದನ್ನೂ ಬಿಟ್ಟ. ಅವನು ಬೈಯುವುದನ್ನು ಬಿಟ್ಟದ್ದು ನೋಡಿ ಹೆಂಡತಿ ಹೆದರಿದಳು. ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವರು ಖಿನ್ನತೆ ಎಂದರು, ದಿನಕ್ಕೊಂದು ಬಿಳಿ ಮಾತ್ರೆ ಕೊಟ್ಟರು. ಮೂರು ತಿಂಗಳಲ್ಲಿ ಟರ್ನರನ ಕೈಗೆ ಜೀವ ಬಂತು, ಬಾಯಿಗೆ ಬೈಗುಳವೂ ಬಂತು. ಮನೆಯಲ್ಲಿ ಹಬ್ಬ ಮಾಡುವುದೊಂದು ಬಾಕಿ.

ಸ್ವಲ್ಪ ದಿನಕ್ಕೆ ಸ್ಟುಡಿಯೋದವನೂ ಮಂಕಾದ. ಅದೇ ಡಾಕ್ಟರಮ್ಮ, ಅದೇ ಬಿಳಿ ಮಾತ್ರೆ. ಹೇಳಿಕೊಳ್ಳಲು ನಾಚಿಕೆಯಾಗುವ ಮಾತು, ಆದರೆ ಟರ್ನರನಿಗೆ ಒಳಗೊಳಗೇ ಹಿತವಾಯಿತು. ಒಂದರಲ್ಲಾದರೂ ಸಮಸಮ ಆದೆವಲ್ಲ!

ಆ ಹಿತ ಒಂದು ಭಾನುವಾರದವರೆಗೆ ಉಳಿಯಿತು. ಅಕ್ಕತಂಗಿಯರ ಎರಡೂ ಸಂಸಾರ ಭಾನುವಾರ ಒಟ್ಟಿಗೆ ತಿಂಡಿಗೆ ಕೂರುವುದು ರೂಢಿ. ತಟ್ಟೆ ಮುಂದೆ ಸ್ಟುಡಿಯೋದವನು ಮಾತ್ರೆಯನ್ನು ಟಕ್ಕೆಂದು ಎರಡು ಹೋಳು ಮಾಡಿದ.

"ನನಗೆ ಅರ್ಧ ಮಾಡಿದ್ರು ಅಣ್ಣಾ. ನಿಮಗೆ ಇನ್ನೂ ಪೂರ್ತಿನಾ?"

"ಹೂಂ," ಎಂದ ಟರ್ನರ್. ಬಾಯಲ್ಲಿದ್ದ ತುತ್ತು ಮಣ್ಣಾಯಿತು.

ಸೋಮವಾರ ವರ್ಕ್‌ಶಾಪಿನಲ್ಲಿ ಅವನು ಮಾಡಿದ ಕೆಲಸವನ್ನು ಟರ್ನರ್ ಆದವನಲ್ಲದೆ ಬೇರೆ ಯಾರೂ ಮಾಡಲಾರರು. ಮಾತ್ರೆಯ ದಪ್ಪವನ್ನು ವರ್ನಿಯರ್ ಅಳತೆಗೋಲಿನಲ್ಲಿ ಹಿಡಿದು ನೋಡಿದ. ಸರಿಯಾಗಿ ನಾಲ್ಕು ಮಿಲಿಮೀಟರ್. ಒಂದೇ ಏಟಿಗೆ ಕತ್ತರಿಸುವುದು ಫೋಟೋ ತೆಗೆಯುವವರ ಕಸುಬು. ತಿಳಿದವನು ಕೂದಲೆಳೆಯಷ್ಟು ತೆಗೆದು, ಅಳೆದು, ಮತ್ತೆ ಕೂದಲೆಳೆಯಷ್ಟು ತೆಗೆಯಬೇಕು. ನುಣ್ಣನೆಯ ಎಮರಿ ಕಾಗದದ ಮೇಲೆ ಮಾತ್ರೆಯನ್ನು ಉಜ್ಜಿದ. ಮೊದಲ ವಾರ ಮೂರೂವರೆ ಮಿಲಿಮೀಟರ್, ಎರಡನೇ ವಾರ ಮೂರು. ನಾಲ್ಕು ವಾರಕ್ಕೆ ಎರಡಕ್ಕೆ ಇಳಿಸಿದ. ಮೈಗೆ ಅರ್ಧ ರೂಢಿಯಾದ ಮೇಲೆ ಡಾಕ್ಟರಮ್ಮನ ಬಾಯಲ್ಲೂ ಅರ್ಧ ಅನ್ನಿಸಿದರೆ ಆಯಿತು, ಮುಂದಿನ ಭಾನುವಾರ ಆ ನಗುಮುಖದ ಎದುರು ಟಕ್ಕೆನ್ನಿಸಬಹುದು. ಇದು ಅವನ ಲೆಕ್ಕಾಚಾರ.

ಮೈ ಬೇರೆಯೇ ಹೇಳಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಂ ಎನ್ನುತ್ತಿತ್ತು. ಒಂದು ಪಂಪಿನ ಶಾಫ್ಟನ್ನು ಅರ್ಧ ಮಿಲಿಮೀಟರ್ ಹೆಚ್ಚು ಕೊರೆದು ಕೆಡಿಸಿದ. ಮಷೀನಿನ ಬೇರಿಂಗ್ ಸವೆದಿದೆ ಎಂದು ಎಲ್ಲರ ಮೇಲೆ ಹರಿಹಾಯ್ದ. ಬೇರಿಂಗ್ ಗಟ್ಟಿಯಾಗಿಯೇ ಇತ್ತು. ಮಂಗಳವಾರ ಇನ್ನೊಂದಾಯಿತು. ಸ್ವಿಚ್ಚಿನ ಮುಂದೆ ನಿಂತವನು ಕಾಲು ಗಂಟೆ ಹಾಗೇ ನಿಂತುಬಿಟ್ಟ. ಅದನ್ನು ಯಾರಿಗೂ ಹೇಳಲಿಲ್ಲ.

ಬುಧವಾರ ಡಾಕ್ಟರಮ್ಮನನ್ನು ಕಾಣುವ ದಿನ. ನರ್ಸ್ ತೂಕ ನೋಡಿದಳು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ಹಳೆಯ ಫೈಲು ತೆರೆದರು. ಪಕ್ಕದ ಕುರ್ಚಿಯಲ್ಲಿ ಹೆಂಡತಿ.

"ನಿದ್ದೆ?"

"ಚೆನ್ನಾಗಿದೆ."

"ಬೆಳಗಿನ ಜಾವಕ್ಕೇ ಎದ್ದು ಕೂತಿರ್ತಾರೆ," ಎಂದಳು ಹೆಂಡತಿ.

"ಏಯ್, ನಿನ್ನ ಕೇಳಿದ್ರಾ?"

"ಸಿಟ್ಟು ಹೇಗಿದೆ ಅಂತ ಕೇಳೋದು ಬೇಡ ಬಿಡಿ, ಗೊತ್ತಾಯ್ತು," ಎಂದರು ಡಾಕ್ಟರಮ್ಮ. "ಬದುಕೇ ಬೇಡ ಅನ್ನಿಸುತ್ತಾ?"

"ಇಲ್ಲಮ್ಮ. ಅದು ಇಲ್ಲ." ಅದೊಂದನ್ನು ಅವನು ನಿಜವಾಗಿಯೇ ಹೇಳಿದ.

"ಕೆಲಸ?"

"ಫಸ್ಟ್ ಕ್ಲಾಸ್. ಅಮ್ಮಾ, ನನಗೂ ಅರ್ಧ ಮಾಡಿಬಿಡಿ."

"ನನಗೂ ಅಂದ್ರೆ?"

"ಅದೇ... ಸ್ಟುಡಿಯೋದವನಿಗೆ ಮಾಡಿದ್ದೀರಲ್ಲ. ನನ್ನ ಷಡ್ಡಕ."

"ಇನ್ನೊಬ್ಬರ ಮದ್ದಿನ ವಿಷಯ ನನ್ನ ಬಾಯಲ್ಲಿ ಬರಲ್ಲ. ಅರ್ಧ ಕೊಡೋಕೆ ಹತ್ತು ಕಾರಣ ಇರ್ತವೆ, ಗುಣ ಆಗಿದ್ದು ಅದರಲ್ಲಿ ಒಂದು ಅಷ್ಟೇ." ಡಾಕ್ಟರಮ್ಮ ಫೈಲಿನ ಹಾಳೆ ತಿರುವಿದರು. "ಪೂರ್ತಿ ಮಾತ್ರೆಯಲ್ಲಿ ಇಷ್ಟು ತಿಂಗಳು ಗಟ್ಟಿಯಾಗಿದ್ದೀರಿ ಅಂದ್ರೆ ಯೋಚನೆ ಮಾಡಬಹುದು. ಒಂದು ದಿನವೂ ತಪ್ಪಿಸಿಲ್ಲ ತಾನೇ?"

"ಒಂದು ದಿನವೂ ಇಲ್ಲ."

ಅದು ಸುಳ್ಳೂ ಅಲ್ಲ ನೋಡಿ. ಡಾಕ್ಟರಮ್ಮ ಪೆನ್ನು ತೆಗೆದು ಬರೆದರು. ಟರ್ನರ್ ಎದುರಿನಿಂದ ತಲೆಕೆಳಗಾಗಿ ಕಂಡ ಅಕ್ಷರಗಳನ್ನೇ ಓದಿಕೊಂಡ: ಪೂರ್ತಿ ಮಾತ್ರೆ, ತಪ್ಪಿಸಿಲ್ಲ.

ಗೆದ್ದದ್ದಾಯಿತು. ಭಾನುವಾರದ ಟಕ್ಕೆನ್ನುವ ಸದ್ದು ಕಿವಿಯಲ್ಲೇ ಕೇಳಿಸಿತು. ಆದರೆ ಕಣ್ಣು ಆ ಅಕ್ಷರಗಳನ್ನು ಬಿಟ್ಟು ಏಳಲಿಲ್ಲ. ವರ್ಕ್‌ಶಾಪಿನಲ್ಲಿ ಒಬ್ಬ ಚೀಟಿಯ ಮೇಲೆ ತಪ್ಪು ಅಳತೆ ಬರೆದರೆ, ಮುಂದಿನವನು ಆ ಅಳತೆಗೇ ಕೊರೆಯುತ್ತಾನೆ, ಅವನ ಮುಂದಿನವನು ಅದಕ್ಕೇ ಕೂರಿಸುತ್ತಾನೆ. ಪಂಪು ತಿರುಗಿಸಿದ ದಿನ ಎಲ್ಲ ಒಡೆದು ಕೈಗೆ ಬರುತ್ತದೆ. ಹಾಗೆ ಬರೆದವನನ್ನು ಟರ್ನರ್ ಕತ್ತು ಹಿಡಿದು ಆಚೆ ನೂಕಿದ್ದೂ ಉಂಟು. ಈಗ ಅಳತೆ ತಪ್ಪು ಕೊಟ್ಟವನು ತಾನೇ. ಮಂಗಳವಾರದ ಆ ಕಾಲು ಗಂಟೆ ಮತ್ತೆ ಮುಕ್ಕಾಲು ಗಂಟೆಯಾದರೆ?

"ನಿಲ್ಸಿ!" ಎಂದು ಗದರಿದ, ಡಾಕ್ಟರು ಎನ್ನುವುದನ್ನೂ ಮರೆತು. "ಬರೀಬೇಡಿ. ಅದು ತಪ್ಪು."

"ಯಾವುದು?"

"ಮಾತ್ರೆ. ನಾನು ಉಜ್ಜಿದ್ದೀನಿ."

ಹೆಂಡತಿ ಕುರ್ಚಿಯಲ್ಲೇ ಅವನ ಕಡೆ ತಿರುಗಿದಳು. ಡಾಕ್ಟರಮ್ಮ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು.

"ಉಜ್ಜಿದ್ದೀರಾ? ಎಷ್ಟು?"

"ಎರಡು ಮಿಲಿಮೀಟರ್. ಎರಡೂ ಕಡೆ ಸಮ. ವರ್ನಿಯರ್ ಹಿಡಿದೇ ನೋಡಿದ್ದೀನಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಸರಿಯಾಗಿ ಬೈದರು. ಟರ್ನರ್ ಬೈಸಿಕೊಂಡ. ಬೈಗುಳದ ಮರ್ಮ ಬಲ್ಲವನಿಗೆ ಒಳ್ಳೆಯ ಬೈಗುಳ ಗೊತ್ತಾಗುತ್ತದೆ. ಸ್ವಿಚ್ಚಿನ ಮುಂದೆ ನಿಂತದ್ದನ್ನೂ, ಕೆಟ್ಟ ಶಾಫ್ಟನ್ನೂ ಆಮೇಲೆ ತಾನಾಗಿಯೇ ಹೇಳಿದ. ನಾಳೆಯಿಂದ ಪೂರ್ತಿ ಮಾತ್ರೆ, ಎರಡು ವಾರಕ್ಕೆ ಮತ್ತೆ ಬರುವುದು, ಮಾತ್ರೆಯ ಅಳತೆ ಇಳಿಸುವ ದಿನ ಬಂದಾಗ ಡಾಕ್ಟರಮ್ಮನೂ ಅವನೂ ಕೂತು ಇಳಿಸುವುದು ಎಂದು ತೀರ್ಮಾನವಾಯಿತು.

"ವಯಸ್ಸು ಐವತ್ತೊಂದು," ಎಂದು ಡಾಕ್ಟರಮ್ಮ ಮತ್ತೆ ಫೈಲು ನೋಡಿದರು. "ಸಕ್ಕರೆ, ಕೊಬ್ಬು ಇದನ್ನೆಲ್ಲ ರಕ್ತದಲ್ಲಿ ನೋಡಿಸಿದ್ದೀರಾ?"

"ನನಗೇನೂ ಆಗಿಲ್ಲವಲ್ಲ."

"ಏನೂ ಆಗದೇ ಇರುವಾಗಲೇ ನೋಡೋದು. ನಿಮ್ಮ ಮಷೀನಿಗೆ ಕೆಟ್ಟ ಮೇಲೆ ಎಣ್ಣೆ ಬಿಡ್ತೀರಾ?" ಎಂದು ರಕ್ತಕ್ಕೆ ಚೀಟಿ ಬರೆದು, ಒಂದು ಪುಟ್ಟ ಡಬ್ಬಿಯನ್ನು ಮುಂದಿಟ್ಟರು. "ಇದು ಮಲದ ಪರೀಕ್ಷೆಗೆ. ಕರುಳಿನ ಕ್ಯಾನ್ಸರ್ ಇದ್ದರೆ ಬೇಗ ಸುಳಿವು ಸಿಗುತ್ತೆ."

ಟರ್ನರ್ ಡಬ್ಬಿಯನ್ನು ಅನುಮಾನದಿಂದ ನೋಡಿದ. "ಸ್ಟುಡಿಯೋದವನಿಗೂ ಇದು ಕೊಟ್ಟಿದ್ದೀರಾ?"

"ಅವರನ್ನೇ ಕೇಳಿ. ಏಳಿ ಈಗ."

ಹೊರಗೆ ಬಂದ ಮೇಲೆ ಹೆಂಡತಿ ಬೀದಿಯ ತುದಿಯವರೆಗೂ ಬಿರುಸಾಗಿ ನಡೆದಳು. ಅಲ್ಲಿ ನಿಂತು ಕೇಳಿದಳು, "ಅಷ್ಟೊಂದು ಹೊಟ್ಟೆ ಉರೀನಾ ರೀ, ಅವನ ಮೇಲೆ?"

"ಉರಿ," ಎಂದ.

ಭಾನುವಾರ ತಿಂಡಿಗೆ ಕೂತಾಗ ಸ್ಟುಡಿಯೋದವನು ಟಕ್ಕೆನ್ನಿಸಿದ. ಟರ್ನರ್ ಅಂಗೈಯಲ್ಲಿ ಪೂರ್ತಿ ಮಾತ್ರೆ ಇಟ್ಟುಕೊಂಡ. ಮುಷ್ಟಿ ಮುಚ್ಚಿ ಬಾಯಿಗೆ ಹಾಕಿಕೊಂಡಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ.

"ಇನ್ನೂ ಪೂರ್ತಿನೇ ಅಣ್ಣಾ?"

ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ಪೂರ್ತಿನೇ. ನಿನ್ನ ನೋಡಿ ಹೊಟ್ಟೆಕಿಚ್ಚಿಗೆ ನಾನೇ ಉಜ್ಜಿ ಅರ್ಧ ಮಾಡ್ಕೊಂಡಿದ್ದೆ. ತಲೆ ಕೆಟ್ಟು ಕೆರ ಹಿಡೀತು. ನೀನು ಕಿಸಿಯೋದಿದ್ರೆ ಈಗಲೇ ಕಿಸಿದು ಮುಗಿಸು."

ಎಲ್ಲರನ್ನೂ ನಗಿಸುವ ಮನುಷ್ಯ ಅವತ್ತು ನಗಿಸಲು ಹೋಗದೆ ಒಂದು ಲೋಟ ನೀರನ್ನು ಟರ್ನರನ ಕಡೆ ಸರಿಸಿದ. ಟರ್ನರನ ಹೊಟ್ಟೆ ತಣ್ಣಗಾಯಿತೇ ಎಂದರೆ, ಎಲ್ಲಿ ಬಂತು! ಆ ಅರ್ಧ ಹೋಳನ್ನು ಕಂಡು ಉರಿಯುತ್ತಲೇ ಇತ್ತು. ಉರಿಯುವ ಹೊಟ್ಟೆಗೇ ಆ ಲೋಟದ ನೀರಿನ ಜೊತೆ ಪೂರ್ತಿ ಮಾತ್ರೆಯನ್ನು ಇಳಿಸಿ, ಅವನು ಕೈ ತೊಳೆಯಲು ಎದ್ದ.