ಮದುವೆಗೊಂದು ಮಿಲಿಟರಿ ಹೆಲಿಕಾಪ್ಟರು

ನಾನು ಸೈನ್ಯದಲ್ಲಿ ಹೆಲಿಕಾಪ್ಟರು ಹಾರಿಸಿದವನಲ್ಲ, ಒರೆಸಿದವನು. ಎಂಜಿನ್ನು ಬಿಚ್ಚುವುದು, ಗ್ರೀಸು ಹಚ್ಚುವುದು, ನಟ್ಟು ಬಿಗಿಯುವುದು, ಇಷ್ಟೇ ನನ್ನ ಸರ್ವಿಸು. ಅಕ್ಕೂರಿನಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದಂತೆಯೇ. ರಿಟೈರಾಗಿ ಬಂದ ದಿನದಿಂದ ನಾನು ಊರಿಗೆಲ್ಲ ಪೈಲಟ್ಟು. ನನ್ನನ್ನು ಪೈಲಟ್ಟು ಎಂದು ಮೊದಲು ಕರೆದವನು ನನ್ನ ಚಿಕ್ಕಪ್ಪನ ಮಗ. ಹೆದ್ದಾರಿ ಪಕ್ಕದ ಜಮೀನು ಮಾರಿ ಇಸ್ತ್ರಿ ಅಂಗಿ ತೊಟ್ಟು ಲೀಡರ್ ಆದ ಮಹಾಶಯ. ಊರಿನಲ್ಲಿ ಇಂಥ ಲೀಡರುಗಳು ಸಾಕಷ್ಟಿದ್ದಾರೆ. ನೆರಳಿನಲ್ಲಿ ನಿಂತಾಗಲೂ ಕಪ್ಪು ಕನ್ನಡಕ ತೆಗೆಯದವನು ಇವನೊಬ್ಬನೇ.

ಅವನ ಮಗನಿಗೆ ಮರಳವಾಡಿಯ ಹುಡುಗಿ ಗೊತ್ತಾದಳು, ಕನಕಪುರದಲ್ಲಿ ಛತ್ರ ಹಿಡಿದರು. ಕಾರಿನಲ್ಲಿ ಕೂತು ಒಂದು ಕಡ್ಲೆಕಾಯಿ ಪೊಟ್ಟಣ ಖಾಲಿ ಮಾಡುವಷ್ಟರಲ್ಲಿ ತಲುಪಬಹುದಾದ ದಾರಿ. ಆದರೆ ಗಂಡು ಹೆಲಿಕಾಪ್ಟರಿನಲ್ಲೇ ಹೋಗಬೇಕೆಂದು ಇವನು ಹಟ ಹಿಡಿದ. ಅದೂ ಬಾಡಿಗೆಯ ಸಣ್ಣದಲ್ಲ. ಒಂದು ದಿನ ನಮ್ಮ ಜಗುಲಿಗೆ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. "ಮಿಲಿಟ್ರಿದೇ ಬೇಕು ಕಣಣ್ಣ. ನೀನೊಂದ್ಮಾತು ಹೇಳುದ್ರೆ ಅವ್ರು ಇಲ್ಲ ಅಂದಾರಾ?"

ಚಿತ್ರದಲ್ಲಿದ್ದದ್ದು ರಾಕೆಟ್ಟು ಕಟ್ಟಿಕೊಂಡ ಯುದ್ಧದ ಯಂತ್ರ. ನಾನು ಪೆದ್ದನಂತೆ ತಾಳ್ಮೆಯಿಂದ ತಿಳಿಸಿ ಹೇಳಲು ಹೊರಟೆ. ಇವೆಲ್ಲ ಒಂದೇ ಮನೆತನದವು, ಮೂಲದ ಯಂತ್ರ ಒಂದೇ ಎಂದೆ. ಜನ ಸಾಮಾನು ಹೊರುವುದಕ್ಕೆ ಕೆಳಗೆ ಎರಡು ಕಂಬಿ ಇರುವಂಥದ್ದು, ನೌಕಾಪಡೆಗೆ ಗಾಲಿ ಇರುವಂಥದ್ದು, ಗಾಯಗೊಂಡವರನ್ನು ಮಲಗಿಸಿಕೊಂಡು ಹೋಗಲು ಸ್ಟ್ರೆಚರ್ ಹಾಕಿದ್ದು. ಅದೇ ಎಂಜಿನ್ನು ಇಟ್ಟುಕೊಂಡು ಮೈ ಮಾತ್ರ ಸಪೂರ ಮಾಡಿದ್ದು ಈ ಯುದ್ಧದ್ದು. ಇದರಲ್ಲಿ ಒಬ್ಬರ ಹಿಂದೆ ಒಬ್ಬರು ಇಬ್ಬರು ಪೈಲಟ್ಟುಗಳಷ್ಟೇ ಕೂರುವುದು, ಮದುಮಗನನ್ನು ರಾಕೆಟ್ಟಿನ ಜೊತೆ ಹೊರಗೆ ಕಟ್ಟಬೇಕಾಗುತ್ತದೆ ಎಂದೂ ಹೇಳಿದೆ. ಅವನು ನಗಲಿಲ್ಲ. ಕಟ್ಟಿದರೆ ಎಷ್ಟು ಹೊತ್ತು ತಡೆದೀತು ಎಂದು ನಿಜವಾಗಿಯೂ ಯೋಚಿಸುತ್ತಿದ್ದಂತೆ ಕಂಡ.

ದೇಶದ ಸೈನ್ಯ ಮದುವೆಗೆ ವಾಹನ ಕಳಿಸುವ ಟ್ರಾವೆಲ್ಸ್ ಅಲ್ಲ ಎಂಬುದು ಅವನ ತಲೆಗೆ ಹೋಗಲು ಒಂದು ವಾರ ಬೇಕಾಯಿತು. ಕೊನೆಗೆ ಬೆಂಗಳೂರಿನ ಏಜೆಂಟೊಬ್ಬನನ್ನು ಹಿಡಿದು ಬಿಳಿಯ ಬಾಡಿಗೆ ಹೆಲಿಕಾಪ್ಟರು ಗೊತ್ತುಮಾಡಿದ. ಅದಕ್ಕೆ ಒಂದು ದಿನದ ಮಟ್ಟಿಗೆ ಹಸಿರು ಬಣ್ಣ ಬಳಿಯಲು ಆಗುತ್ತದೆಯೇ ಎಂದು ಏಜೆಂಟನನ್ನು ಕೇಳಿದನಂತೆ. ಆಗಲಿಲ್ಲ. ಆ ಹೊಟ್ಟೆಯುರಿಗೆ ಚನ್ನಪಟ್ಟಣದ ಹೆದ್ದಾರಿಯಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿಸಿದ. ಅದರಲ್ಲಿ ಮಗ ರಾಕೆಟ್ಟಿನ ಯಂತ್ರದ ಪಕ್ಕ ಪೇಟ ಸುತ್ತಿಕೊಂಡು ಕೈ ಮುಗಿಯುತ್ತಿದ್ದ. ಯಾರ ಮೇಲೆ ಯುದ್ಧಕ್ಕೆ ಹೊರಟಿದ್ದನೋ, ಹುಡುಗಿಯ ಕಡೆಯವರು ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹೆಲಿಕಾಪ್ಟರನ್ನು ಇಳಿಸಲು ಅವನು ಗುರುತುಮಾಡಿದ್ದು ನಮ್ಮ ಕಣವನ್ನು, ಅಕ್ಕನ ಮನೆಯ ಎದುರಿಗೇ.

ನನ್ನಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದು, ಅಪ್ಪ ಕೊಟ್ಟ ತುಂಡು ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳು ಸಾಕಿ ಬದುಕು ಕಟ್ಟಿಕೊಂಡವಳು. ಯಾರ ಬಾಗಿಲಲ್ಲೂ ನಿಂತವಳಲ್ಲ. ಆ ತಿಂಗಳ ಹುಳು ಮದುವೆಯ ಹಿಂದಿನ ದಿನವೇ ಹಣ್ಣಾದವು. ಹಣ್ಣಾದ ಹುಳು ಮುಹೂರ್ತ ಕೇಳುವುದಿಲ್ಲ. ಮೇವು ಬಿಟ್ಟು, ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತವೆ. ಅವನ್ನು ಚಂದ್ರಿಕೆಗೆ, ಎಂದರೆ ಬಿದಿರಿನ ದಬ್ಬೆಯನ್ನು ಸುರುಳಿ ಸುತ್ತಿ ಕಟ್ಟಿದ ದೊಡ್ಡ ತಟ್ಟಿಗೆ ಬಿಟ್ಟು, ಗಾಳಿ ಬೆಳಕು ಹದವಾಗಿರುವಲ್ಲಿ ಒರಗಿಸಿ ನಿಲ್ಲಿಸಬೇಕು. ಅಲುಗಿಸಬಾರದು. ಕಟ್ಟುವಾಗ ಉದುರಿಬಿದ್ದ ಹುಳು ಮತ್ತೆ ಕಟ್ಟುವುದು ಅನುಮಾನ.

ಹೆಲಿಕಾಪ್ಟರು ಎಬ್ಬಿಸುವ ಗಾಳಿ ನನಗೆ ಗೊತ್ತು. ತಗಡಿನ ಶೀಟು ಹಾರಿ ಹೋದದ್ದನ್ನು ಕಂಡವನು ನಾನು. ಅಕ್ಕ ಅವತ್ತೇ ಸಂಜೆ ಅವನ ಮನೆಗೆ ಹೋಗಿ, ಹೈಸ್ಕೂಲ್ ಮೈದಾನದಲ್ಲಿ ಇಳಿಸಪ್ಪ ಎಂದು ಕೇಳಿಕೊಂಡಳು. ನಾನೂ ಜೊತೆಗಿದ್ದೆ. ಅವನು ಕನ್ನಡಕವನ್ನೂ ತೆಗೆಯಲಿಲ್ಲ.

"ಐದು ನಿಮ್ಸ ಕಣಕ್ಕ. ಒಸಿ ಗಾಳಿ ಬೀಸ್ತದೆ, ಅಷ್ಟೆಯ. ಹುಳ ಮುಂದಿನ್ ತಿಂಗ್ಳೂ ಆಯ್ತವೆ."

ಮೈದಾನದಲ್ಲಿ ಇಳಿಸಿದರೆ ಮನೆ ಮುಂದಿನಿಂದ ಹೋದಂತಾಗುವುದಿಲ್ಲವಂತೆ, ನೆಂಟರು ನೋಡುವುದಿಲ್ಲವಂತೆ. ನಾನು ಬಾಯಿ ತೆಗೆದದ್ದಕ್ಕೆ, ಪೈಲಟ್ಟಾಗಿದ್ದುಕೊಂಡು ಒಂದು ಸೈನ್ಯದ ಹೆಲಿಕಾಪ್ಟರು ತರಿಸಲಾಗದವನಿಗೆ ಹೊಟ್ಟೆಕಿಚ್ಚು ಎಂದ. ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮಾತ್ರ ಎದ್ದು ಬಂದಳು.

ಆ ಕಣ ನಮ್ಮ ಮನೆತನಕ್ಕೆಲ್ಲ ಸೇರಿದ್ದು, ಭಾಗವಾಗಿಲ್ಲ. ಅಜ್ಜನ ಕಾಲದಿಂದ ಅದಕ್ಕೊಂದು ಕಟ್ಟಳೆ ಇದೆ. ಯಾರ ಬೆಳೆ ಮೊದಲು ಕಣಕ್ಕೆ ಬಂತೋ, ಅದು ಮನೆ ಸೇರುವವರೆಗೆ ಬೇರೆಯವರು ಅಲ್ಲಿ ಕಾಲಿಡುವಂತಿಲ್ಲ. ರಾಗಿ ಗಾಡಿ ಕಟ್ಟಿಕೊಂಡು ಬಂದ ಚಿಕ್ಕಪ್ಪ, ಕಣದಲ್ಲಿ ನಮ್ಮ ಹುರುಳಿ ಹರಡಿದ್ದು ಕಂಡು ತುಟಿ ಬಿಚ್ಚದೆ ಗಾಡಿ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ.

ಬೆಳಗಾಗುತ್ತಲೇ ಅಕ್ಕ ನನ್ನನ್ನು ಕರೆದಳು. ಚಂದ್ರಿಕೆಗಳನ್ನು ಒಂದೊಂದಾಗಿ ಅಲುಗದಂತೆ ಹೊತ್ತು ತಂದು, ಏಜೆಂಟನ ಕಡೆಯವನು ಸುಣ್ಣದಲ್ಲಿ ಬರೆದಿದ್ದ ವೃತ್ತದ ನಡುವೆ ಗೂಟ ನೆಟ್ಟು ಒರಗಿಸಿದೆವು. ಮೇಲೆ ತೆಂಗಿನ ಗರಿ ಹೊದಿಸಿದೆವು. ಹುಳು ಆಗಲೇ ನೂಲು ಬಿಡತೊಡಗಿದ್ದವು. ಏಜೆಂಟನ ಕಡೆಯವನು ಗಾಬರಿಯಾಗಿ ಯಾರಿಗೋ ಫೋನು ಮಾಡಲು ಓಡಿದ.

ಲೀಡರ್ ರೇಷ್ಮೆ ಪಂಚೆಯಲ್ಲಿ ಬುಸುಗುಟ್ಟುತ್ತ ಬಂದ. ಹಿಂದೆ ಅರ್ಧ ಊರು, ಮನೆಯ ಹೆಂಗಸರು, ಅವನ ತಾಯಿ ನಮ್ಮ ಚಿಕ್ಕವ್ವ. ಅಷ್ಟರಲ್ಲಿ ದೂರದಿಂದ ಸದ್ದೂ ಕೇಳಿಸಿತು. ಅವನು ಒಂದು ಚಂದ್ರಿಕೆಗೆ ಕೈ ಹಾಕಿದ. ನಾನು ಮುಂದೆ ನುಗ್ಗುವುದರೊಳಗೆ ಚಿಕ್ಕವ್ವ ಬಂದು ಮಗನಿಗೂ ಚಂದ್ರಿಕೆಗೂ ನಡುವೆ ನಿಂತಳು.

"ಕಣದಲ್ಲಿ ಬೆಳೆ ಐತೆ ಕಣ್ಲಾ. ನಿಮ್ಮಪ್ಪನೇ ದಾಟ್ಲಿಲ್ಲ, ನೀನು ದಾಟೀಯಾ?"

ಸುತ್ತ ನಿಂತವರೆಲ್ಲ ಊರಿನವರೇ. ಫ್ಲೆಕ್ಸಿಗೆ ಕೈಮುಗಿದ ಜನವೇ, ಆದರೆ ಕಣದ ಕಟ್ಟಳೆ ಮುರಿಯುವವನ ಕಡೆ ಒಬ್ಬರೂ ನಿಲ್ಲಲಿಲ್ಲ. ಅವನ ಕೈ ತಾನಾಗಿ ಕೆಳಗಿಳಿಯಿತು. ಏಜೆಂಟನ ಕಡೆಯವನು ಕೆಳಗಿನಿಂದ ಬೇಡವೆಂದು ತಿಳಿಸಿದ್ದರಿಂದ ಬಿಳಿಯ ಹೆಲಿಕಾಪ್ಟರು ಎತ್ತರದಲ್ಲೇ ಒಂದು ಸುತ್ತು ಹಾಕಿ ಬೆಂಗಳೂರಿನ ಕಡೆ ತಿರುಗಿತು. ಚಂದ್ರಿಕೆಯ ಮೇಲಿನ ಗರಿಯೊಂದೂ ಅಲುಗಲಿಲ್ಲ. ಸರ್ವಿಸಿನುದ್ದಕ್ಕೂ ಆ ಯಂತ್ರಗಳು ಇಳಿಯುವುದನ್ನು ಕಾದು ನಿಂತವನು ನಾನು. ಒಂದು ಇಳಿಯದೆ ಹೋಯಿತೆಂದು ಸಂತೋಷಪಟ್ಟದ್ದು ಅವತ್ತೇ.

ಗಂಡು ಕಾರು ಹತ್ತಿದ. ಚಿಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಬಿದ್ದಿದ್ದ ಒಂದೆರಡು ಹುಳುಗಳನ್ನು ಆರಿಸಿ ಅಕ್ಕನ ಕೈಗೆ ಕೊಡುತ್ತಿದ್ದಳು. ಲೀಡರ್ ಹೋದವನು ಕಾರಿನ ಬಾಗಿಲಿನಿಂದ ಮತ್ತೆ ನನ್ನ ಹತ್ತಿರ ಬಂದ. ಬೈಯಲು ಬಂದನೆಂದು ನಾನೂ ಸಿದ್ಧವಾಗಿ ನಿಂತೆ. ಅವನು ಕನ್ನಡಕ ತೆಗೆದು, ದನಿ ತಗ್ಗಿಸಿ, ತೀರಾ ಮುಗ್ಧನಂತೆ ಕೇಳಿದ:

"ಅಣ್ಣಾ, ಗಾಳಿ ಎಬ್ಬುಸ್ದಂಗೆ ಇಳಿಯಾದು ಒಂದೂ ಇಲ್ವಾ ಅದ್ರಲ್ಲಿ? ಸಣ್ಣ ಮಗಂದೂ ಮುಂದಿನ್ ವರ್ಷ ಐತೆ."