ಹಾಡು ಮುಗಿದ ಮೇಲಿನ ಮಾತು

ನಮ್ಮ ದೊಡ್ಡಪ್ಪ ಸಂಪತ್ಕುಮಾರ ಅವರ ಬಾಯಲ್ಲಿ ಇಲ್ಲ ಎನ್ನುವ ಮಾತೇ ಬರುವುದಿಲ್ಲ. ಹೊಳೆನರಸೀಪುರದವರು ಇದನ್ನು ದೊಡ್ಡ ಗುಣ ಎನ್ನುತ್ತಾರೆ. ನಾನು ಮಾತ್ರ ಇದನ್ನು ರೋಗ ಎಂದೇ ಕರೆಯುವವಳು. ಹಾಸನದ ಕಾಲೇಜೊಂದರಲ್ಲಿ ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಪಾಠ ಹೇಳುತ್ತೇನೆ. ಸ್ವಂತ ದೊಡ್ಡಪ್ಪನಿಗೆ ಒಂದು ಪಾಠ ಕಲಿಸಲಾಗಲಿಲ್ಲ.

ಅವರು ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು. ಅವರ ಹೆಂಡತಿ, ನಮ್ಮ ಗೋದಮ್ಮ ದೊಡ್ಡಮ್ಮ, ಹತ್ತೂರಿಗೆ ಬೇಕಾದ ಹಾಡುಗಾರ್ತಿ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು, ಎಲ್ಲವೂ ಬಾಯಿಪಾಠ. ಎಲೆ ಅಡಿಕೆ ಇಟ್ಟು ಕರೆದವರ ಮನೆಗೆ ಹೋಗದೆ ಇದ್ದವರೇ ಅಲ್ಲ. ಜ್ವರ ಬಂದಿದ್ದರೂ ಚನ್ನರಾಯಪಟ್ಟಣದ ಬಸ್ಸು ಹತ್ತಿ, ಹಾಡಿ ಬಂದು ಆಮೇಲೆ ಮಲಗಿದ್ದುಂಟು. "ಎಲೆ ಅಡಿಕೆ ತಂದವರನ್ನ ಬರಿಗೈಲಿ ಕಳಿಸಬಾರದು. ಅವರು ಕೇಳೋದು ಹಾಡು ತಾನೆ, ಆಸ್ತಿ ಅಲ್ಲವಲ್ಲ," ಎನ್ನುತ್ತಿದ್ದರು. ಓಡಾಟ ಕೈಲಾಗದಂತಾದ ಮೇಲೆ ದೊಡ್ಡಪ್ಪ ಅವರನ್ನು ನಡುಮನೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಮೈಕು ಹಿಡಿದು, ಒಂದೊಂದೇ ಹಾಡನ್ನು ರೆಕಾರ್ಡ್ ಮಾಡಿಕೊಂಡರು.

ಪ್ರತಿ ಹಾಡಿನ ಕೊನೆಗೂ ದೊಡ್ಡಮ್ಮನ ಮಾತಿನ ಒಂದು ಚೂರು ಸೇರಿಕೊಂಡಿರುತ್ತಿತ್ತು. "ಆಯ್ತು ರೀ, ಆಫ್ ಮಾಡಿ. ಒಲೆ ಮೇಲೆ ಹಾಲಿದೆ." "ಏನ್ ಹಾಗೆ ನೋಡ್ತೀರಾ, ಶ್ರುತಿ ತಪ್ಪಿತಾ?" ಇಂಥವು. ಊರವರಿಗೆ ಕೊಡುವ ಪ್ರತಿಯಲ್ಲಿ ದೊಡ್ಡಪ್ಪ ಇದನ್ನು ಕತ್ತರಿಸಿಬಿಡುತ್ತಿದ್ದರು. ಗಂಡ ಹೆಂಡಿರ ಮಾತು ಮದುವೆ ಮಂಟಪದಲ್ಲಿ ಕೇಳಿಸಬಾರದಲ್ಲ. ಪೂರ್ತಿ ಇದ್ದದ್ದು ಮನೆಯ ಕಂಪ್ಯೂಟರಿನಲ್ಲಿ ಮಾತ್ರ.

ದೊಡ್ಡಮ್ಮ ತೀರಿಕೊಂಡ ಮೇಲೆ ಬೆಳಗಿನ ಕಾಫಿ ಹಿಡಿದು ದೊಡ್ಡಪ್ಪ ಅದರ ಮುಂದೆ ಕೂರುತ್ತಿದ್ದರು. ಹಾಡು ಕೇಳುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ನೋಡಿದರೆ, ಹಾಡನ್ನೆಲ್ಲ ಓಡಿಸಿ ನೇರ ಕೊನೆಗೇ ಹೋಗುತ್ತಿದ್ದಾರೆ. "ಹಾಡು ಊರಿಗೆ ಕಣಮ್ಮ ಹಂಸ. ಇದು ನನಗೆ," ಎಂದರು.

ಆ ಮಾತುಗಳಿಗಾಗಿಯೇ ನಾನು ಕಾವಲು ಹಾಕಿದ್ದು. ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಿದೆ. ಇನ್ನೊಂದು ಪ್ರತಿ ಇರಲೆಂದು ಹಾರ್ಡ್ ಡಿಸ್ಕ್ ತಂದುಕೊಟ್ಟೆ. "ತುಂಬಿಸಿದ ಮೇಲೆ ವೈರು ಕಿತ್ತು ಬೀರುವಿನಲ್ಲಿಡಿ ದೊಡ್ಡಪ್ಪ. ಜೊತೆಗೇ ಸಿಕ್ಕಿಸಿಟ್ಟರೆ ಒಂದಕ್ಕೆ ಬಂದದ್ದು ಎರಡಕ್ಕೂ ಬರುತ್ತೆ," ಎಂದು ಬಾರಿಬಾರಿ ಹೇಳಿದೆ. ತಲೆಯಾಡಿಸಿದರು, ಕಿತ್ತಿಡಲಿಲ್ಲ. ಕೇಳಿದ್ದಕ್ಕೆ, "ಅವಳನ್ನ ಬೀರು ಒಳಗೆ ಕೂಡಿಹಾಕಿದ ಹಾಗೆ ಅನ್ನಿಸುತ್ತಮ್ಮ," ಎಂದರು. ಇಂಥ ಮನುಷ್ಯನ ಹತ್ತಿರ ಏನು ವಾದ ಮಾಡುವುದು?

ಕಳೆದ ಮಾಘದಲ್ಲಿ ರವೀಶ್ ಬಂದ. ದೊಡ್ಡಪ್ಪನ ಹಳೆಯ ಶಿಷ್ಯ, ಈಗ ಕಟ್ಟಾಯದ ಕಡೆ ಬೇಸಾಯ ಮಾಡಿಕೊಂಡಿದ್ದಾನೆ.

"ನಮ್ ತಂಗಿ ಮಾನಸಾ ಮದ್ವೆ ಸಾ. ಅಸೆಗೆ ಕರ್ಯೋ ಆಡು ನಮ್ಮನೇಲಿ ಯಾರ್ಗೂ ಬರಾಕಿಲ್ಲ. ಅಮ್ಮೋರ್ದು ಒಂದ್ ಆಕ್ಕೊಡಿ ಸಾ," ಎಂದು ತಟ್ಟೆ ಮುಂದಿಟ್ಟ. ಎಲೆ ಅಡಿಕೆ, ಲಗ್ನಪತ್ರಿಕೆ, ಅದರ ಮೇಲೊಂದು ಪೆನ್ ಡ್ರೈವ್. ಆ ಪೆನ್ ಡ್ರೈವ್ ಆಗಲೇ ಫೋಟೊ ಸ್ಟುಡಿಯೊ, ಡಿಜೆಯವನ ಮನೆ, ಎಲ್ಲ ಸುತ್ತಿ ಬಂದಿತ್ತು.

ಸಿಕ್ಕಿಸಿದ ಕೂಡಲೇ ಆಂಟಿವೈರಸ್ ಕೆಂಪು ಪಟ್ಟಿ ತೋರಿಸಿ ತಡೆಯಿತು. ದೊಡ್ಡಪ್ಪ ನನಗೆ ಫೋನ್ ಮಾಡಿದರಂತೆ. ನಾನು ಪಾಠ ಮಾಡುತ್ತಿದ್ದೆ, ಎತ್ತಲಾಗಲಿಲ್ಲ. ಎದುರಿಗೆ ಎಲೆ ಅಡಿಕೆ ತಂದವನು ಕೂತಿದ್ದಾನೆ. ಮದುವೆ ಮನೆಯವನನ್ನು ಬಾಗಿಲಲ್ಲೇ ತಡೆಯುವ ಕಾವಲು ಅವರಿಗೆ ಅಪಶಕುನದಂತೆ ಕಂಡಿರಬೇಕು. ಆಂಟಿವೈರಸ್ಸನ್ನೇ ನಿಲ್ಲಿಸಿಬಿಟ್ಟರು. ಪೆನ್ ಡ್ರೈವ್ ತೆರೆದು, ಅದರಲ್ಲಿದ್ದ ಯಾವುದನ್ನೋ ಒತ್ತಿ, ಹಾಡು ತುಂಬಿಸಿಕೊಟ್ಟು, ಕಾಫಿ ಕುಡಿಸಿ ಕಳಿಸಿದರು.

ಮರುದಿನ ಬೆಳಿಗ್ಗೆ ಒಂದು ಹಾಡೂ ತೆರೆಯಲಿಲ್ಲ. ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ದುಡ್ಡು ಕಳಿಸಿದರೆ ಬೀಗ ತೆಗೆಯುತ್ತೇವೆ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬೆದರಿಕೆ. ಪಕ್ಕದಲ್ಲೇ ಸಿಕ್ಕಿಸಿದ್ದ ಹಾರ್ಡ್ ಡಿಸ್ಕಿಗೂ ಅದೇ ಗತಿ. ಎರಡನ್ನೂ ಹಾಸನಕ್ಕೆ ಹೊತ್ತುಕೊಂಡು ಹೋಗಿ ತಿಳಿದವರಿಗೆಲ್ಲ ತೋರಿಸಿದೆ. ಯಾರ ಕೈಲೂ ಆಗಲಿಲ್ಲ. ದುಡ್ಡು ಕೊಟ್ಟರೂ ಆ ಕಳ್ಳರನ್ನು ನಂಬುವ ಹಾಗಿಲ್ಲ ಎಂದರು. ವಾಪಸ್ಸು ಬಂದವಳು ದೊಡ್ಡಪ್ಪನ ಮೇಲೆ ಕೂಗಾಡಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

"ಎಲೆ ಅಡಿಕೆ ತಂದಿದ್ದನಲ್ಲಮ್ಮ," ಎಂದಷ್ಟೇ ಅವರು ಹೇಳಿದ್ದು.

ಸುದ್ದಿ ತಿಳಿದು ರವೀಶ್ ಓಡಿಬಂದ. "ನನ್ನಿಂದ್ಲೇ ಇಂಗಾಗೋಯ್ತಲ್ಲ ಸಾ. ಅಮ್ಮೋರ್ ಆಡ್ನ ಯಾರ್ಯಾರು ತಕ್ಕೊಂಡೋಗವ್ರೆ ಯೋಳಿ. ಎಲ್ರ ಮನೆಗೂ ಓಗಿ ತತ್ತೀನಿ," ಎಂದು ಕಣ್ಣೊರೆಸಿಕೊಂಡ. ಬಾಯಿಮಾತಿಗೆ ಹೇಳುತ್ತಾನೆ ಎಂದುಕೊಂಡೆ. ಅವನು ನಿಜಕ್ಕೂ ಹೋದ. ಶಾಂತಿಗ್ರಾಮ, ಅರಕಲಗೂಡು, ಚನ್ನರಾಯಪಟ್ಟಣ, ದೊಡ್ಡಪ್ಪ ನೆನಪು ಮಾಡಿಕೊಂಡು ಹೇಳಿದ ಮದುವೆ ಮನೆಗಳನ್ನೆಲ್ಲ ಬೈಕಿನಲ್ಲಿ ಸುತ್ತಿ, ಯುಗಾದಿಯ ಹೊತ್ತಿಗೆ ಹಾಡುಗಳನ್ನು ಕೂಡಿಸಿ ತಂದ. ಈ ಸಲ ನಾನೇ ಕೂತು ಪರೀಕ್ಷಿಸಿ, ತೊಂದರೆಯಿಲ್ಲ ಎಂದು ಖಾತ್ರಿಯಾದ ಮೇಲೆ ತೆರೆದೆ.

ನಡುಮನೆಯಲ್ಲಿ ದೊಡ್ಡಮ್ಮನ ದನಿ ಎದ್ದಿತು. ರವೀಶನ ಮುಖ ಅರಳಿತು. "ಒಂದೂ ಬಿಟ್ಟಿಲ್ಲ ಸಾ, ಎಲ್ಲಾ ಸಿಕ್ಬುಡ್ತು!"

ಹಾಡು ಮುಗಿಯಿತು. ದೊಡ್ಡಪ್ಪ ಕಿವಿಗೊಟ್ಟು ಮುಂದಕ್ಕೆ ಬಾಗಿದರು. ಏನೂ ಇಲ್ಲ. ಇನ್ನೊಂದು ಹಾಡು ಹಾಕಿಸಿದರು, ಮತ್ತೊಂದು ಹಾಕಿಸಿದರು. ಎಲ್ಲವೂ ಅವರೇ ಕತ್ತರಿಸಿದ ಜಾಗದಲ್ಲಿ ನಿಂತವು. ನಾನು ಏನೋ ಹೇಳಲು ಹೋದೆ, ಕಣ್ಣಿನಲ್ಲೇ ತಡೆದರು.

"ಎಲ್ಲಾ ಸಿಕ್ತು ಕಣಪ್ಪ ರವೀಶ. ದೊಡ್ಡ ಉಪಕಾರ ಮಾಡಿದೆ. ಕಾಫಿ ಕುಡಿದು ಹೋಗು."

ಅವನು ನೆಮ್ಮದಿಯಿಂದ ಊರಿಗೆ ಹೋದ.

ಈಗ ದೊಡ್ಡಪ್ಪ ನಾನು ಹೇಳಿದ್ದನ್ನೆಲ್ಲ ಕೇಳುತ್ತಾರೆ. ಹಾರ್ಡ್ ಡಿಸ್ಕ್ ಬೀರುವಿನಲ್ಲಿದೆ, ಇನ್ನೊಂದು ಪ್ರತಿ ನಮ್ಮ ಮನೆಯಲ್ಲಿದೆ. ಕಾಯಬೇಕಾದದ್ದೇ ಹೋಯಿತು, ಇನ್ನು ಯಾವ ಕಾವಲು ಇದ್ದರೇನು ಎಂದು ನನಗೆ ಹೊಟ್ಟೆ ಉರಿಯುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ಈಗಲೂ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಮೊದಲಿನಂತೆ ಹಾಡನ್ನು ಓಡಿಸುವುದಿಲ್ಲ, ಪೂರ್ತಿ ಕೇಳುತ್ತಾರೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಕಾದು, "ಆಯ್ತು ಗೋದಾ, ಆಫ್ ಮಾಡ್ದೆ," ಎನ್ನುತ್ತಾರೆ.